ಕುಡುವಿನ ಬಾಯಲ್ಲಿ ಹಸಿರು ಕಡ್ಡಿ

ವಿಂಡ್‌ಹೂಕ್ ವಿಮಾನ ನಿಲ್ದಾಣ ಊರಿಗೆ 40 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಕುರುಚಲು ಬಯಲಿನ ನಡುವೆ ಒಂಟಿಯಾಗಿ ಕೂತಿದೆ. ನನ್ನನ್ನು ಕರೆದೊಯ್ಯಲು ಬಂದಿದ್ದ ತಂಗಿಯ ಗಂಡ ದಾರಿಯಲ್ಲಿ ಪೆಟ್ರೋಲ್ ಹಾಕಿಸಿದ. ಚಿಲ್ಲರೆಯ ಜೊತೆ ಬಂದ 50 ಡಾಲರಿನ ನೋಟೊಂದನ್ನು ಮಗುಚಿ ನನ್ನ ಮೂಗಿನ ಮುಂದೆ ಹಿಡಿದು, "ಮುಖಪರಿಚಯ ಮಾಡಿಕೊಳ್ಳಿ ಭಾವ, ನಾಡಿದ್ದು ನೀವು ನೋಡೋದು ಇವನನ್ನೇ" ಎಂದ. ನೋಟಿನ ಮೇಲೆ ಸುರುಳಿ ಕೊಂಬಿನ ಕುಡು ಇತ್ತು. ಕುಡು ಎಂದರೆ ಹೆಚ್ಚುಕಮ್ಮಿ ನಮ್ಮ ಕಡವೆಯಷ್ಟು ಎತ್ತರದ, ಬೂದು ಮೈಯ ಮೇಲೆ ಸುಣ್ಣದ ನೀರು ಸೋರಿದಂಥ ಸಣ್ಣ ಗೆರೆಗಳಿರುವ ಪ್ರಾಣಿ. ನಮೀಬಿಯಾದ 10ರ ನೋಟಿನಲ್ಲಿ ಸ್ಪ್ರಿಂಗ್‌ಬಾಕ್, 100ರದ್ದರಲ್ಲಿ ಓರಿಕ್ಸ್. ದುಡ್ಡಿನ ಮೇಲೆ ಪ್ರಾಣಿ ಅಚ್ಚು ಹಾಕುವುದು ಅಲ್ಲಿ ಬರೀ ಅಲಂಕಾರವಲ್ಲ ಎಂದು ಆಮೇಲೆ ಗೊತ್ತಾಯಿತು.

ಅವನು ಮೈಸೂರಿನವನು, ಲೆಕ್ಕಪರಿಶೋಧಕ. ಹನ್ನೆರಡು ವರ್ಷದಿಂದ ವಿಂಡ್‌ಹೂಕ್‌ನಲ್ಲಿದ್ದಾನೆ. ಅವನ ಗಿರಾಕಿಗಳಲ್ಲಿ ಒಂದು ಬೇಟೆಯ ಫಾರ್ಮ್ ಇದೆ. ಫೋನಿನಲ್ಲಿ ಮಾತಾಡುವಾಗಲೆಲ್ಲ ಅದರ ಬಿಲ್ಲುಗಳ ಸುದ್ದಿ ಹೇಳಿ ನನ್ನನ್ನು ಕೆಣಕುತ್ತಿದ್ದ. "ಒಂದು ಜೀಬ್ರಾ, ಎರಡು ಕಾಡುಹಂದಿ, ಊಟ ವಸತಿ, ಮೇಲೆ ಶೇಕಡ 15 ವ್ಯಾಟ್." ಬೇಟೆಯ ಬಗ್ಗೆ ನನ್ನ ಉಪದೇಶ ಕೇಳಿ ಕೇಳಿ ಸಾಕಾಗಿ, "ಒಂದು ಸಲ ಬಂದು ಕಣ್ಣಾರೆ ನೋಡಿ ಬಯ್ಯಿರಿ" ಎಂದು ಕರೆಸಿಕೊಂಡಿದ್ದ.

ನಿಜ ಹೇಳಬೇಕೆಂದರೆ ನನ್ನ ಉಪದೇಶಕ್ಕೆ ಹೆಚ್ಚು ಬೆಲೆಯಿರಲಿಲ್ಲ. ಮಾಂಸ ತಿನ್ನದ ಮನೆಯಲ್ಲಿ ಹುಟ್ಟಿದ ನಾನು, ಹೈಸ್ಕೂಲಿನಲ್ಲಿ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್ ಕಥೆಗಳನ್ನು ಗಣಿತದ ಪುಸ್ತಕದೊಳಗಿಟ್ಟುಕೊಂಡು ಓದಿದವನು. ಮರದ ಮೇಲೆ ಅಟ್ಟಣೆ ಕಟ್ಟಿ ಕೂತು, ಸೊಳ್ಳೆ ಕಡಿಸಿಕೊಂಡು, ಕೆಳಗೆ ಎಲೆ ಸರಕ್ ಎಂದಾಗ ಕೋವಿಯ ಕುದುರೆ ಎಳೆದವನು. ಓದಿ ಅನುಭವಿಸಿದ ಬೇಟೆಯಲ್ಲಿ ರಕ್ತದ ವಾಸನೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಇನ್ನು ಸಫಾರಿ ಎಂಬ ಮಾತು ನಮ್ಮೂರಿಗೆ ಮೊದಲು ಬಂದದ್ದು ಬಟ್ಟೆಯಾಗಿ. ಎಂಬತ್ತರ ದಶಕದಲ್ಲಿ ಶಾಸಕರು, ಇನ್ಸ್‌ಪೆಕ್ಟರು, ಮದುವೆ ಗಂಡಿನ ಸೋದರಮಾವ, ಎಲ್ಲರೂ ಸಫಾರಿ ಹೊಲಿಸುತ್ತಿದ್ದರು. ಅರಬ್ಬಿಯ ಸಫರ್, ಅಂದರೆ ಪ್ರಯಾಣ, ಸ್ವಾಹಿಲಿಗೆ ಹೋಗಿ ಸಫಾರಿ ಆಯಿತು. ಇಂಗ್ಲಿಷರ ಬೇಟೆಯ ದಂಡಿನ ಹೆಸರಾಯಿತು. ಕೊನೆಗೆ ಮೈಸೂರಿನ ದರ್ಜಿಯ ಕತ್ತರಿಗೆ ಸಿಕ್ಕಿತು.

ಮರುದಿನ ಉತ್ತರಕ್ಕೆ ಹೊರಟೆವು. ಒಕಹಂಜ, ಒಚಿವರಾಂಗೊ ದಾಟಿ ವಾಟರ್‌ಬರ್ಗ್ ಪ್ರಸ್ಥಭೂಮಿಯ ಕಡೆಗೆ. ರಸ್ತೆ ಗೆರೆ ಎಳೆದಂತೆ ನೇರ. ಇಕ್ಕೆಲದಲ್ಲಿ ಆಳೆತ್ತರ ಮೀರಿದ ಕೆಂಪು ಹುತ್ತಗಳು. ಅವೆಲ್ಲ ಒಂದೇ ದಿಕ್ಕಿಗೆ ವಾಲಿಕೊಂಡಿದ್ದವು. ದಕ್ಷಿಣ ಗೋಳದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನಲ್ಲ, ಗೆದ್ದಲು ಅತ್ತಲೇ ಮುಖ ಮಾಡಿ ಕಟ್ಟುತ್ತದೆ. ಹುತ್ತ ನೋಡಿ ದಿಕ್ಕು ತಿಳಿಯಬಹುದು. ಆದರೆ ದಾರಿಯುದ್ದಕ್ಕೂ ನನ್ನ ಕಣ್ಣನ್ನು ಹಿಡಿದದ್ದು ಹುತ್ತವಲ್ಲ, ಬೇಲಿ. ಮುನ್ನೂರು ಕಿಲೋಮೀಟರ್ ಕಾಲ ತಂತಿ ಬೇಲಿ ಬಿಟ್ಟೂ ಬಿಡದೆ ನಮ್ಮ ಜೊತೆ ಬಂತು. "ಇದರಾಚೆ ಇರೋ ಕುಡು ಯಾರದ್ದು?" ಎಂದೆ. "ಬೇಲಿ ಯಾರದ್ದೋ ಅವರದ್ದು" ಎಂದ.

ಇದು ಮಾತಿನ ಚಮತ್ಕಾರವಲ್ಲ, ಕಾನೂನು. ದಕ್ಷಿಣ ಆಫ್ರಿಕಾದ ಆಳ್ವಿಕೆಯಿದ್ದಾಗ, 1960ರ ದಶಕದ ಕೊನೆಯಿಂದ 1975ರ ಕಾಯ್ದೆಯವರೆಗೆ, ಬಿಳಿಯ ಜಮೀನ್ದಾರರಿಗೆ ತಮ್ಮ ಜಮೀನಿನಲ್ಲಿರುವ ಕಾಡುಪ್ರಾಣಿಗಳ ಮೇಲೆ ಹಕ್ಕು ಸಿಕ್ಕಿತು. ಅಲ್ಲಿಯವರೆಗೆ ದನದ ಹುಲ್ಲು ತಿನ್ನುವ ಪಿಡುಗಾಗಿದ್ದ ಕುಡು, ಓರಿಕ್ಸ್‌ಗಳು ಒಮ್ಮೆಗೇ ಆಸ್ತಿಯಾದವು. ಬರಗಾಲದಲ್ಲಿ ಮೊದಲು ಸಾಯುವುದು ದನ, ಕುಡು ಅಲ್ಲ ಎಂಬುದು ರೈತನಿಗೆ ಗೊತ್ತಿದ್ದದ್ದೇ. ಕರಿಯರ ಸಾಮುದಾಯಿಕ ಭೂಮಿಗೆ ಇದೇ ಹಕ್ಕು ಬರಲು ಮಾತ್ರ 1990ರ ಸ್ವಾತಂತ್ರ್ಯ ಬಂದು, ಇನ್ನೂ ಆರು ವರ್ಷ ಕಳೆದು, 1996ರ ತಿದ್ದುಪಡಿ ಆಗಬೇಕಾಯಿತು.

ವಾಟರ್‌ಬರ್ಗ್ ದೂರದಿಂದ ಕೆಂಪು ಕೋಟೆಗೋಡೆಯಂತೆ ಕಂಡಿತು. 1904ರ ಆಗಸ್ಟ್ 11ರಂದು ಇದರ ಬುಡದಲ್ಲೇ ಜರ್ಮನ್ ಸೈನ್ಯ ಹೆರೆರೊ ಜನರನ್ನು ಸುತ್ತುವರಿದು ಹೊಡೆಯಿತು. ಉಳಿದವರನ್ನು ಪೂರ್ವದ ಒಮಹೆಕೆ ಮರಳುಗಾಡಿಗೆ ಅಟ್ಟಿ, ನೀರಿನ ತಾಣಗಳಿಗೆ ಕಾವಲು ಹಾಕಿತು. ಅಕ್ಟೋಬರಿನಲ್ಲಿ ಜನರಲ್ ಲೋಥಾರ್ ಫಾನ್ ಟ್ರೋಥಾ ಹೆರೆರೊಗಳನ್ನು ಕಂಡಲ್ಲಿ ಗುಂಡಿಕ್ಕುವ ಆಜ್ಞೆ ಹೊರಡಿಸಿದ. ಅದು ನರಮೇಧ ಎಂದು ಜರ್ಮನಿ ಬಾಯಿಬಿಟ್ಟು ಒಪ್ಪಿದ್ದು 2021ರಲ್ಲಿ. ಬೇಲಿ ಯಾರದ್ದು ಎಂಬ ಪ್ರಶ್ನೆಗೆ ಆ ಸೀಮೆಯಲ್ಲಿ ಅಷ್ಟು ಸಲೀಸಾದ ಉತ್ತರ ಇಲ್ಲ. ನಾವು ಹೋಗಿದ್ದ ಫಾರ್ಮಿನ ಯಜಮಾನನೂ ಜರ್ಮನ್ ಮೂಲದವನೇ. ಮೃದು ಮಾತಿನ, ಮಂಡಿನೋವಿನ ಮನುಷ್ಯ. ನಾನು ಈ ವಿಷಯ ಎತ್ತಲಿಲ್ಲ. ಎತ್ತಬೇಕಿತ್ತೇನೋ.

ಜುಲೈ ಅಲ್ಲಿ ನಡುಚಳಿಗಾಲ. ಹಗಲು ಅಂಗಿ ಸಾಕು, ರಾತ್ರಿ ಕಂಬಳಿಯ ಮೇಲೆ ಕಂಬಳಿ. ಒಂಟೆಮುಳ್ಳು ಎಂದು ಕರೆಯುವ ಜಾಲಿ ಜಾತಿಯ ಮರದ ಕೊರಡು ಉರಿಸಿ ಸುತ್ತ ಕೂತಿದ್ದೆವು. ಆ ಕೊರಡಿಗೆ ಜ್ವಾಲೆ ಕಡಿಮೆ, ಕೆಂಡ ಬೆಳಗಿನವರೆಗೂ ಇರುತ್ತದೆ. ಅಂದಿನ ಬೇಟೆಗಾರ ಜರ್ಮನಿಯಿಂದ ಬಂದವನು, ಅರವತ್ತರ ಆಸುಪಾಸು, ಅಡುಗೆಮನೆಯ ಕಪಾಟು ಮಾಡುವ ಸಣ್ಣ ಕಾರ್ಖಾನೆಯ ಒಡೆಯ. ವಿಮಾನದಲ್ಲಿ ಕೋವಿ ತರುವ ಕಾಗದಪತ್ರದ ರಗಳೆ ಬೇಡವೆಂದು ಫಾರ್ಮಿನ ರೈಫಲನ್ನೇ ಬಾಡಿಗೆಗೆ ಪಡೆದಿದ್ದ. ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ದರಪಟ್ಟಿ, ಥೇಟ್ ದರ್ಶಿನಿ ಹೋಟೆಲಿನದರ ಹಾಗೆ. ಕುಡುಗೆ ಸಾವಿರಗಳ ಲೆಕ್ಕ, ಬಬೂನಿಗೆ ನೂರರ ಲೆಕ್ಕ. ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗೂ ಪೂರ್ತಿ ಹಣ. ರಕ್ತ ಒಂದು ಹನಿ ಬಿದ್ದರೂ ಬಿಲ್ಲು ಬಿತ್ತು ಎಂದರ್ಥ. ಗುರಿ ತಪ್ಪಿಸಿಕೊಳ್ಳುವ ಸೋಮಾರಿತನಕ್ಕೆ ಇದಕ್ಕಿಂತ ಒಳ್ಳೆಯ ಔಷಧಿಯಿಲ್ಲ ಎಂದು ನನ್ನ ಭಾವಮೈದುನನ ಅಭಿಪ್ರಾಯ. ಹೊರದೇಶದ ಬೇಟೆಗಾರನ ಜೊತೆ ಪರೀಕ್ಷೆ ಪಾಸು ಮಾಡಿ ನೋಂದಾಯಿಸಿಕೊಂಡ ಮಾರ್ಗದರ್ಶಿ ಇರಲೇಬೇಕು. ಒಂದು ಜಾತಿಯ ಪ್ರಾಣಿ ಎರಡಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ. ನಾನು ಕಲ್ಪಿಸಿಕೊಂಡು ಬಂದಿದ್ದ ರಕ್ಕಸ ಆ ಬೆಂಕಿಯ ಸುತ್ತ ಎಲ್ಲೂ ಕೂತಿರಲಿಲ್ಲ. ಕಪಾಟಿನ ಯಜಮಾನ ಮೊಮ್ಮಗಳ ಫೋಟೊ ತೋರಿಸಿದ.

ಬೆಳಕು ಹರಿದೊಡನೆ ಹೊರಟೆವು. ಮಾರ್ಗದರ್ಶಿ, ಬೇಟೆಗಾರ, ಇಬ್ಬರಿಗಿಂತ ಮುಂದೆ ಜಾಡು ನೋಡುವ ದಮಾರ ಜನಾಂಗದ ಹಿರಿಯ, ಕೊನೆಯಲ್ಲಿ ನಾನು. ಆ ಹಿರಿಯನ ಕೈಯಲ್ಲಿ ಹಳೇ ಕಾಲುಚೀಲ, ಅದರೊಳಗೆ ರಾತ್ರಿಯ ಬೆಂಕಿಯ ಬೂದಿ. ಐವತ್ತು ಹೆಜ್ಜೆಗೊಮ್ಮೆ ಅದನ್ನು ಕೊಡವಿ ಗಾಳಿ ಎತ್ತ ಎಂದು ನೋಡುತ್ತಿದ್ದ. ಗಾಳಿ ಮುಖಕ್ಕೆ ಬರುತ್ತಿದ್ದರೆ ಮುಂದೆ, ಬೆನ್ನಿಗಿದ್ದರೆ ಸುತ್ತು ಹಾಕು. ಬಾಗಿದ ಕೊಕ್ಕೆಯಂಥ ಮುಳ್ಳಿನ ಪೊದೆಯೊಂದು ನನ್ನ ತೋಳು ಹಿಡಿದುಕೊಂಡು ಬಿಡಲೇ ಇಲ್ಲ. ಅದರ ಆಫ್ರಿಕಾನ್ಸ್ ಹೆಸರಿನ ಅರ್ಥ 'ಸ್ವಲ್ಪ ತಾಳು'. ಎಳೆದುಕೊಂಡರೆ ಇನ್ನೂ ಹೊಗುತ್ತದೆ. ನಿಂತು, ಹಿಂದೆ ಸರಿದು, ಒಂದೊಂದೇ ಬಿಡಿಸಿಕೊಳ್ಳಬೇಕು.

ಎರಡು ಗಂಟೆ ಏನೂ ಆಗಲಿಲ್ಲ. ಬೇಟೆಯ ಪುಸ್ತಕಗಳಲ್ಲಿ ಈ ಎರಡು ಗಂಟೆ ಇರುವುದೇ ಇಲ್ಲ. ಆ ಹಿರಿಯ ಮಾತ್ರ ನೆಲವನ್ನು ದಿನಪತ್ರಿಕೆಯಂತೆ ಓದುತ್ತಾ ಹೋದ. ಒಂದು ಹೆಜ್ಜೆಗುರುತಿನ ಅಂಚನ್ನು ಬೆರಳಿನಿಂದ ಮುಟ್ಟಿ ಬಿಟ್ಟುಬಿಟ್ಟ: ಒಣಗಿದೆ, ನಿನ್ನೆಯದು. ಇನ್ನೊಂದರ ಅಂಚು ಮುಟ್ಟಿದೊಡನೆ ಕುಸಿಯಿತು. ಕೈಸನ್ನೆ. ಎಲ್ಲರೂ ಕೂತೆವು. ನನಗೆ ಪೊದೆಗಳಷ್ಟೇ ಕಂಡವು. ಅವುಗಳಲ್ಲಿ ಒಂದು ಪೊದೆ ಕಿವಿ ಆಡಿಸಿತು. ಆಮೇಲೆ ಇಡೀ ಪ್ರಾಣಿ ಒಮ್ಮೆಗೇ ಅಲ್ಲಿತ್ತು, ಕಣ್ಣುಗಳ ನಡುವಿನ ಬಿಳಿ ಪಟ್ಟಿ, ಗಂಟಲ ಕೆಳಗಿನ ಗಡ್ಡ, ಎರಡೂವರೆ ಸುತ್ತು ಸುತ್ತಿ ಮೇಲೆದ್ದ ಕೊಂಬು. ಇಷ್ಟು ಹೊತ್ತೂ ಅದು ನಮ್ಮೆದುರೇ ಇತ್ತೆಂದು ನಂಬುವುದೇ ಕಷ್ಟವಾಯಿತು. ಮೂರು ಕಾಲಿನ ಊರುಗೋಲಿನ ಮೇಲೆ ರೈಫಲ್ ಇಟ್ಟ ಬೇಟೆಗಾರನ ಬೆನ್ನು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಈಡು ಹಾರಿತು. ಕುಡು ನೆಗೆದು ಓಡಿತು. ತಪ್ಪಿತು ಎಂದುಕೊಂಡೆ, ಒಳಗೊಳಗೇ ಖುಷಿಯೂ ಆಯಿತು. ಅರವತ್ತು ಹೆಜ್ಜೆ ಓಡಿ ಅದು ಮುಗ್ಗರಿಸಿದ್ದು ಕೇಳಿಸಿತು, ಕಾಣಲಿಲ್ಲ.

ಹೋಗಿ ನೋಡಿದಾಗ ಕಣ್ಣು ತೆರೆದಿತ್ತು. ಮಾರ್ಗದರ್ಶಿ ಕಡ್ಡಿಯಿಂದ ಕಣ್ಣಿನ ಗುಡ್ಡೆ ಮುಟ್ಟಿ, ರೆಪ್ಪೆ ಮಿಟುಕದ್ದನ್ನು ಖಾತ್ರಿ ಮಾಡಿಕೊಂಡ. ಆಮೇಲೆ ನಡೆದದ್ದಕ್ಕೆ ನಾನು ತಯಾರಿರಲಿಲ್ಲ. ಅವನು ಪಕ್ಕದ ಗಿಡದಿಂದ ಎರಡು ಹಸಿರು ಕಡ್ಡಿ ಮುರಿದ. ಒಂದನ್ನು ಕುಡುವಿನ ಬಾಯಲ್ಲಿ ಅಡ್ಡಲಾಗಿ ಇಟ್ಟ. ಇನ್ನೊಂದನ್ನು ಗಾಯದ ರಕ್ತಕ್ಕೆ ಅದ್ದಿ, ಟೋಪಿಯ ಮೇಲಿಟ್ಟು ಬೇಟೆಗಾರನಿಗೆ ಚಾಚಿದ. ಇಬ್ಬರೂ ಟೋಪಿ ತೆಗೆದು ಒಂದು ಗಳಿಗೆ ಸುಮ್ಮನೆ ನಿಂತರು. ಬಾಯಲ್ಲಿಟ್ಟದ್ದು ಪ್ರಾಣಿಯ ಕೊನೆಯ ತುತ್ತು, ಜರ್ಮನ್ ಬೇಟೆಗಾರರ ಹಳೆಯ ಪದ್ಧತಿ. ನಮ್ಮಲ್ಲಿ ಸತ್ತವರ ಬಾಯಿಗೆ ಅಕ್ಕಿಕಾಳು ಹಾಕುತ್ತಾರಲ್ಲ, ನನ್ನ ಕೈಯಿಂದ ಅಪ್ಪನ ಬಾಯಿಗೆ ಬಿದ್ದ ಕಾಳು ನೆನಪಾಗಿ ಮೈ ಜುಂ ಎಂದಿತು. ಬಯ್ಯಲು ಬಂದವನಿಗೆ ಇದು ಅನ್ಯಾಯ.

ಆ ಗಳಿಗೆ ಅಲ್ಲಿಗೇ ಮುಗಿದಿದ್ದರೆ ನಾನು ಈ ಬರಹವನ್ನು ಬೇರೆ ಥರ ಬರೆಯುತ್ತಿದ್ದೆನೇನೋ. ಆದರೆ ಫೋಟೊ ಆಗಬೇಕಿತ್ತು. ಈಡಿನಿಂದ ಬೀಳುವವರೆಗೆ ಅರ್ಧ ನಿಮಿಷ. ಫೋಟೊಗೆ ಮುಕ್ಕಾಲು ಗಂಟೆ. ಮೂವರೂ ಸೇರಿ ಇನ್ನೂರು ಚಿಲ್ಲರೆ ಕೆ.ಜಿ.ಯ ದೇಹವನ್ನು ಬೆಳಕಿನ ಕಡೆಗೆ ಎಳೆದರು. ಮುಂಗಾಲುಗಳನ್ನು ಮಡಿಸಿ ಎದೆಯ ಕೆಳಗೆ ಸೇರಿಸಿದರು, ದಣಿವಾರಿಸಿಕೊಳ್ಳಲು ಮಲಗಿದ ಹೋರಿಯ ಹಾಗೆ. ಜೋತಿದ್ದ ನಾಲಿಗೆಯನ್ನು ಒಳಗೆ ತುರುಕಿದರು. ಬಾಟಲಿ ನೀರಿನಲ್ಲಿ ಬಟ್ಟೆ ಒದ್ದೆ ಮಾಡಿ ಮೂಗಿನ ಹೊಳ್ಳೆ ಒರೆಸಿದರು. ರಕ್ತ ಇಂಗಿದ ನೆಲಕ್ಕೆ ಬೊಗಸೆಯಲ್ಲಿ ಮಣ್ಣು ಎರಚಿದರು. ಹೂದೋಟದ ಕತ್ತರಿ ತೆಗೆದು ಮುಂದಿನ ಹುಲ್ಲನ್ನು ಸಮ ಮಾಡಿದರು! ಅದಕ್ಕೆಂದೇ ಬಕ್ಕಿಯಲ್ಲಿ, ಅಂದರೆ ಪಿಕಪ್ ಗಾಡಿಯಲ್ಲಿ, ಒಂದು ಕತ್ತರಿ ಇರುತ್ತದೆ. ಬೇಟೆಗಾರ ಪ್ರಾಣಿಯ ಪಕ್ಕದಲ್ಲಲ್ಲ, ಒಂದು ಮಾರು ಹಿಂದೆ ಕೂರಬೇಕು. ಆಗ ಕೊಂಬು ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ನೆಲಮಟ್ಟದಲ್ಲಿರಬೇಕು.

ಕ್ಯಾಮೆರಾ ಯಾರ ಕೈಯಲ್ಲಿ? ನನ್ನ ಕೈಯಲ್ಲಿ. ಉಳಿದವರ ಕೈಗಳೆಲ್ಲ ಒದ್ದೆ. ಹೊಟ್ಟೆಯ ಮೇಲೆ ಮಲಗಿ ನಾನೇ ಮೂವತ್ತು ನಲವತ್ತು ಸಲ ಒತ್ತಿದೆ. ಅಷ್ಟೇ ಆಗಿದ್ದರೂ ಸರಿ. ಹನ್ನೆರಡನೆಯದ್ದೋ ಹದಿಮೂರನೆಯದ್ದೋ ತೆಗೆದಾದ ಮೇಲೆ, "ಕಿವಿಯ ಹತ್ತಿರ ಇನ್ನೂ ಸ್ವಲ್ಪ ರಕ್ತ ಕಾಣ್ತಿದೆ" ಎಂದವನು ನಾನು. ಆ ಹಿರಿಯ ಬಂದು ಒರೆಸಿದ.

ಫಾರ್ಮಿನ ಹಿಂಭಾಗದ ಚರ್ಮ ಸುಲಿಯುವ ಶೆಡ್ಡಿನಲ್ಲಿ ಯಾರಿಗೂ ಇಂಥ ನಾಟಕದ ತುರ್ತಿರಲಿಲ್ಲ. ಸಿಮೆಂಟ್ ನೆಲ, ರಾಟೆ, ಕೊಕ್ಕೆ, ಉಪ್ಪಿನ ತೊಟ್ಟಿ. ಇಬ್ಬರು ಹುಡುಗರು ರೇಡಿಯೊ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಭುಜದ ಹಿಂದಿನಿಂದ ಚರ್ಮ ಬಿಡಿಸುತ್ತಾ ಬಂದು, ಕಣ್ಣು ತುಟಿಗಳ ಹತ್ತಿರ ಚಾಕುವಿನ ವೇಗ ಇಳಿಸಿ, ಕಿವಿಯ ಒಳಮಗ್ಗುಲನ್ನು ಕೈಚೀಲ ತಿರುವಿದಂತೆ ತಿರುವಿ, ಮುಖವನ್ನು ಹರಿಯದೆ ತೆಗೆದರು. ಅದಕ್ಕೆ ಉಪ್ಪು ಹಚ್ಚಿ ಮಡಿಸಿ ಚೀಟಿ ಕಟ್ಟಿದರು. ಬುರುಡೆ ಕುದಿಯುವ ಡ್ರಮ್ಮಿಗೆ. ಮಾಂಸ ಶೀತಕೋಣೆಗೆ, ಅಲ್ಲಿಂದ ಪೇಟೆಯ ಕಸಾಯಿ ಅಂಗಡಿಗೆ ಮತ್ತು ಫಾರ್ಮಿನ ರಾತ್ರಿಯೂಟಕ್ಕೆ. ಕರುಳು, ಪಕ್ಕೆ ಕೆಲಸಗಾರರ ಮನೆಗಳಿಗೆ. ಜರ್ಮನಿಗೆ ಹೋಗುವುದು ಕೊಂಬು ಮತ್ತು ಚರ್ಮ ಮಾತ್ರ. ದುಡ್ಡು ಕೊಟ್ಟವನಿಗೆ ತಿನ್ನಲಾಗದ ಭಾಗವಷ್ಟೇ ಸಿಗುವ ಏಕೈಕ ವ್ಯಾಪಾರ ಇದು.

ಮೈಸೂರಿನವರಿಗೆ ಈ ಉಪ್ಪಿನ ವಾಸನೆ ಹೊಸದಲ್ಲ. ಇಪ್ಪತ್ತನೇ ಶತಮಾನದ ಆರಂಭದಿಂದ 1999ರವರೆಗೆ ನಮ್ಮೂರಿನಲ್ಲಿ ವ್ಯಾನ್ ಇಂಗೆನ್ ಕಾರ್ಖಾನೆ ಇತ್ತು. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು ಹೊಡೆದ ಸಾವಿರಾರು ಹುಲಿ ಚಿರತೆಗಳು ಅಲ್ಲಿಗೆ ಚರ್ಮವಾಗಿ ಬಂದು ಹುಲಿ ಚಿರತೆಗಳಾಗಿ ಹೊರಗೆ ಹೋದವು. ಕಾಗದದ ರೊಟ್ಟಿನ ಅಚ್ಚಿನ ಮೇಲೆ ಚರ್ಮ ಹೊದಿಸಿ, ಗಾಜಿನ ಕಣ್ಣಿಟ್ಟು ಮಾಡುತ್ತಿದ್ದ ಅವರ ಕೆಲಸಕ್ಕೆ ಜಗತ್ತಿನಲ್ಲೇ ಹೆಸರಿತ್ತು. ಆ ಹುಲಿಗಳನ್ನು ನೀವು ಅರಮನೆಗಳಲ್ಲಿ, ಹಳೇ ಕ್ಲಬ್ಬುಗಳಲ್ಲಿ ನೋಡಿರುತ್ತೀರಿ. ಎಷ್ಟೋ ಹುಲಿಗಳ ಬಾಯಿ ತೆರೆದಿದೆ, ಹಲ್ಲು ಕಿರಿದಿದೆ, ಇನ್ನೇನು ಮೇಲೆ ಎರಗಬೇಕು. ಈಡು ಬಿದ್ದಾಗ ಅದು ನೀರು ಕುಡಿಯುತ್ತಿತ್ತೋ, ಸೋವಿನವರ ತಮಟೆಗೆ ಹೆದರಿ ಓಡುತ್ತಿತ್ತೋ ಯಾರಿಗೆ ಗೊತ್ತು. ಗರ್ಜನೆ ಮೈಸೂರಿನಲ್ಲಿ ಮಾಡಿದ್ದು.

ಕೀನ್ಯಾದ ತ್ಸಾವೊ ನರಭಕ್ಷಕ ಸಿಂಹಗಳ ಕಥೆಯೂ ಇದೇ ಜಾತಿಯದು. 1898ರಲ್ಲಿ ಉಗಾಂಡಾ ರೈಲು ಹಾದಿಗೆ ಸೇತುವೆ ಕಟ್ಟುತ್ತಿದ್ದ ಶಿಬಿರಕ್ಕೆ ಎರಡು ಸಿಂಹ ಕಾಟ ಕೊಟ್ಟವು. ಎಂಜಿನಿಯರ್ ಪ್ಯಾಟರ್ಸನ್ ಡಿಸೆಂಬರಿನಲ್ಲಿ ಎರಡನ್ನೂ ಹೊಡೆದ. ಸತ್ತವರಲ್ಲಿ ಇಂಡಿಯಾದಿಂದ ಹೋದ ಕೂಲಿಗಳೇ 28 ಎಂದು 1907ರ ತನ್ನ ಪುಸ್ತಕದಲ್ಲಿ ಲೆಕ್ಕ ಕೊಟ್ಟ. ಆಫ್ರಿಕನ್ನರ ಲೆಕ್ಕ ಯಾರೂ ಇಟ್ಟಿರಲಿಲ್ಲ. ಮುಂದೆ ಅವನ ಬಾಯಲ್ಲೇ ಸಂಖ್ಯೆ 135ಕ್ಕೆ ಏರಿತು. ಆ ಸಿಂಹಗಳ ಚರ್ಮ ಕಾಲು ಶತಮಾನ ಅವನ ಮನೆಯ ನೆಲಹಾಸಾಗಿತ್ತು. 1920ರ ದಶಕದಲ್ಲಿ 5000 ಡಾಲರಿಗೆ ಷಿಕಾಗೊದ ಫೀಲ್ಡ್ ಮ್ಯೂಸಿಯಂ ಕೊಂಡು ನಿಲ್ಲಿಸಿದಾಗ, ಸವೆದು ಕತ್ತರಿಸಿದ ಚರ್ಮಕ್ಕೆ ತಕ್ಕಂತೆ ಸಿಂಹಗಳೂ ಕುಗ್ಗಿದವು. ಕಥೆ ಬೆಳೆಯಿತು, ಸಿಂಹ ಚಿಕ್ಕದಾಯಿತು. 1909ರಲ್ಲಿ ಅಧ್ಯಕ್ಷ ಪದವಿಯಿಂದ ಇಳಿದೊಡನೆ ಆಫ್ರಿಕಾಕ್ಕೆ ಬಂದ ಥಿಯೊಡೊರ್ ರೂಸ್‌ವೆಲ್ಟ್ ತಾನೂ ಮಗನೂ ಸೇರಿ 512 ಪ್ರಾಣಿ ಹೊಡೆದದ್ದಕ್ಕೆ ವಿಜ್ಞಾನದ ಹೆಸರು ಕೊಟ್ಟ. ಸಂಗ್ರಹಾಲಯಕ್ಕೆ ಹೋದವು ನಿಜ. ಆದರೂ 512!

ಫಾರ್ಮಿನಿಂದ ಮುಂದೆ ನಮ್ಮ ಪಯಣ ಪೂರ್ವಕ್ಕೆ, ಬೋಟ್ಸ್‌ವಾನಾ ಗಡಿಯ ತ್ಸುಮ್ಕ್ವೆಗೆ. ಅಲ್ಲಿನ ನೈ ನೈ ಸಾಮುದಾಯಿಕ ಸಂರಕ್ಷಣಾ ಪ್ರದೇಶದ ಲೆಕ್ಕದ ಕೆಲಸವೊಂದು ಭಾವಮೈದುನನಿಗಿತ್ತು. ಗ್ರೂಟ್‌ಫೊಂಟೈನ್ ದಾಟಿ ಇನ್ನೂರು ಕಿಲೋಮೀಟರಿಗೂ ಮೀರಿದ ಜಲ್ಲಿ ರಸ್ತೆ. ಮಧ್ಯೆ ಕೆಂಪು ಗೆರೆ ಎಂಬ ಪಶುವೈದ್ಯ ಬೇಲಿಯ ಗೇಟು. 1897ರ ದೊಡ್ಡರೋಗದ ಕಾಲದಲ್ಲಿ ದನಗಳ ಓಡಾಟ ತಡೆಯಲು ಹುಟ್ಟಿದ ಗಡಿ ಇದು. ಇಂದಿಗೂ ಉತ್ತರದ ಹಸಿಮಾಂಸ ದಕ್ಷಿಣಕ್ಕೆ ಬರುವಂತಿಲ್ಲ. ಈ ಗೇಟು ದಾಟಿದ ಮೇಲೆ ನನ್ನ ಸಂಗಾತಿಯಾಗಿದ್ದ ತಂತಿ ಬೇಲಿ ಮುಗಿಯಿತು. ರಸ್ತೆಗೇ ಆನೆ ಲದ್ದಿ.

ದಾರಿಯಲ್ಲಿ ನಮ್ಮಿಬ್ಬರಿಗೆ ಜಗಳವಾಯಿತು. ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿತು, ಬೋಟ್ಸ್‌ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು, ಯಾರು ಸರಿ ಎಂದು. ನಾನು ಜಿಂಬಾಬ್ವೆಯ ಸೆಸಿಲ್ ಸಿಂಹವನ್ನು ಎಳೆದು ತಂದೆ. 2015ರಲ್ಲಿ ಕೊರಳಿಗೆ ಸಂಶೋಧಕರ ಪಟ್ಟಿಯಿದ್ದ ಆ ಸಿಂಹವನ್ನು ಅಮೆರಿಕದ ದಂತವೈದ್ಯನೊಬ್ಬ ಬಾಣ ಬಿಟ್ಟು ಗಾಯಗೊಳಿಸಿ, ಗಂಟೆಗಟ್ಟಲೆ ಬಿಟ್ಟು ಕೊಂದಿದ್ದ. ಅವನು ನಮೀಬಿಯಾದ ಕಪ್ಪು ಖಡ್ಗಮೃಗ ತಂದ. 2014ರಲ್ಲಿ ಡಲ್ಲಾಸಿನ ಹರಾಜಿನಲ್ಲಿ ಒಂದು ಮುದಿ ಗಂಡಿನ ಬೇಟೆಗೆ ಮೂರೂವರೆ ಲಕ್ಷ ಡಾಲರ್ ಕೂಗಲಾಗಿತ್ತು, ಸಂರಕ್ಷಣೆಗೆಂದು. "ಮುದಿಯನ್ನು ಸಾಕಲಿಕ್ಕೆ ಯಾರೂ ಮೂರೂವರೆ ಲಕ್ಷ ಕೊಡಲ್ಲ ಭಾವ." ದುಡ್ಡು ಯಾವ ಕೈಗೆ ಸೇರುತ್ತದೆ ಎಂದು ಕೇಳಿದೆ. "ಅದನ್ನು ಕೇಳೋದೇ ನನ್ನ ಕೆಲಸ, ಹಾಗೇ ಕೇಳ್ತಾ ಇರಬೇಕು" ಎಂದು ಒಪ್ಪಿಕೊಂಡ. 2024ರ ಬರದಲ್ಲಿ ಸರ್ಕಾರ 83 ಆನೆಯೂ ಸೇರಿ 723 ಪ್ರಾಣಿಗಳನ್ನು ಮಾಂಸಕ್ಕೆಂದು ಹೊಡೆಯಲು ಗುರುತು ಮಾಡಿತ್ತಲ್ಲ, ಅದಕ್ಕೆ ಇಬ್ಬರೂ ಸುಮ್ಮನಾದೆವು. ಹಸಿದವರಿಗೆ ಮಾಂಸ ಎಂದಾಗ ಮಾಂಸ ತಿನ್ನದವನ ವಾದ ಗಂಟಲಲ್ಲೇ ಉಳಿಯುತ್ತದೆ.

ಸಕಲೇಶಪುರದ ಮಾತೂ ಬಂತು. ನಮ್ಮಲ್ಲಿ 1972ರ ಕಾಯ್ದೆಯಿಂದ ಬೇಟೆ ನಿಂತಿದೆ. ಕಾಫಿ ತೋಟ ಮಾಲೀಕನದ್ದು, ಅದರೊಳಗೆ ನಿಂತ ಆನೆ ಸರ್ಕಾರದ್ದು. ತುಳಿದರೆ ಪರಿಹಾರದ ಅರ್ಜಿ. ನಮೀಬಿಯಾದ ವ್ಯವಸ್ಥೆ ನಮ್ಮಲ್ಲಿಗೂ ಬರಲಿ ಎಂದು ಅವನು ವಾದಿಸಿದ. ನಾನು ಲೆಕ್ಕಿಗನಿಗೆ ಲೆಕ್ಕವನ್ನೇ ಹೇಳಿದೆ: ಇಲ್ಲಿ ಎಂಟೂಕಾಲು ಲಕ್ಷ ಚದರ ಕಿಲೋಮೀಟರಿಗೆ ಮೂವತ್ತು ಲಕ್ಷ ಜನ, ನಮ್ಮ ಕರ್ನಾಟಕ ಇದರ ಕಾಲು ಭಾಗವೂ ಇಲ್ಲ, 2011ರಲ್ಲೇ ಜನ 6 ಕೋಟಿ ದಾಟಿದ್ದರು. ಹಾರಿದ ಗುಂಡು ಎಲ್ಲೋ ಒಂದು ಕಡೆ ಇಳಿಯಬೇಕಲ್ಲ.

ತ್ಸುಮ್ಕ್ವೆ ಊರು ಎನ್ನುವಷ್ಟಿಲ್ಲ. ನಾಲ್ಕು ರಸ್ತೆ ಕೂಡುವ ಜಾಗ, ಒಂದಷ್ಟು ತಗಡಿನ ಮನೆ, ದೂರದಲ್ಲಿ ಬೊಜ್ಜು ಮೈಯ ಬಾವೊಬಾಬ್ ಮರಗಳು. ನೈ ನೈ 1998ರಲ್ಲಿ ನೋಂದಾಯಿತವಾದ, ದೇಶದ ಮೊಟ್ಟಮೊದಲ ಸಾಮುದಾಯಿಕ ಸಂರಕ್ಷಣಾ ಪ್ರದೇಶ. ಸುಮಾರು 9000 ಚದರ ಕಿಲೋಮೀಟರ್. ಇಂಥವು ಈಗ 86 ಇವೆ. ಇಲ್ಲಿ ಜುಹೋವಾನ್ಸಿ ಸ್ಯಾನ್ ಜನರದ್ದು ಎರಡು ಬಗೆಯ ಬೇಟೆ. ಒಂದು, ಹೊರದೇಶದವರು ಬಂದು ಆನೆ ಹೊಡೆದು ಕೊಡುವ ಹಣ. ಅದರಿಂದ ಕಾವಲುಗಾರರ ಸಂಬಳ, ಆನೆ ಕೆಡವದಂತೆ ನೀರಿನ ಪಂಪಿಗೆ ಕಲ್ಲುಗೋಡೆ, ಸದಸ್ಯರ ಕೈಗೆ ಒಂದಿಷ್ಟು ನಗದು. ದಂತ ಹೊರಗೆ ಹೋಗುತ್ತದೆ, ಮಾಂಸ ಹಳ್ಳಿಗಳಿಗೆ. ನಾವು ಹೋದ ಹಳ್ಳಿಯ ಮುಳ್ಳುಮರವೊಂದರ ತುಂಬ ಕಪ್ಪು ಪಟ್ಟಿಗಳು ನೇತಾಡುತ್ತಿದ್ದವು. ತೋರಣ ಎಂದುಕೊಂಡೆ. ಆನೆ.

ಇನ್ನೊಂದು ಬೇಟೆ ಅವರದ್ದೇ, ಬಿಲ್ಲು ಬಾಣದ್ದು, ಕಾನೂನು ಅವರಿಗೆ ಉಳಿಸಿಕೊಟ್ಟದ್ದು. ಹಳ್ಳಿಯ ಮುದುಕರೊಬ್ಬರು ಬಾಣ ತೋರಿಸಿದರು. ಅಂಗೈ ಮೇಲೆ ಹಕ್ಕಿಯ ಗರಿಯಷ್ಟು ಹಗುರ. ಗಿಡದ ಬುಡ ಅಗೆದು ತೆಗೆದ ಜೀರುಂಡೆಯ ಹುಳುವನ್ನು ಹಿಂಡಿ ಅದರ ರಸ ಹಚ್ಚುತ್ತಾರೆ. ಮೊನೆಗಲ್ಲ, ಮೊನೆಯ ಹಿಂದಿನ ಕಡ್ಡಿಗೆ, ಕೈತಪ್ಪಿ ಚುಚ್ಚಿಕೊಂಡರೆ ಸಾಯದಿರಲೆಂದು. ದೊಡ್ಡ ಪ್ರಾಣಿ ಬೀಳಲು ದಿನಗಟ್ಟಲೆ ಬೇಕು, ಅಷ್ಟೂ ದೂರ ಜಾಡು ಹಿಡಿದು ನಡೆಯಬೇಕು. ಫುಟ್‌ಬಾಲ್ ಜೆರ್ಸಿ ತೊಟ್ಟ ಹುಡುಗನೊಬ್ಬ ಇದನ್ನೆಲ್ಲ ಇಂಗ್ಲಿಷಿಗೆ ಮಾಡಿ ಹೇಳುತ್ತಿದ್ದ. ಸಾವಿರ ಸಲ ಹೇಳಿ ಬೇಸತ್ತವನ ದನಿ. ಮುದುಕರ ಮಾತಿನ ನಡುನಡುವೆ ನಾಲಿಗೆಯ ಲೊಟ್ಟೆಗಳು. ನಾವು ಕರು ಕರೆಯಲು, ಅಯ್ಯೋ ಪಾಪ ಎನ್ನಲು ಮಾತ್ರ ಬಳಸುವ ಸದ್ದುಗಳಲ್ಲಿ ಅವರಿಗೆ ಇಡೀ ಭಾಷೆಯಿದೆ.

ಅವರ ಒಂದು ಪದ್ಧತಿ ನನಗೆ ಓದಿ ಗೊತ್ತಿತ್ತು. ಗಡಿಯಾಚೆಯ ದೋಬೆಯಲ್ಲಿ 1960ರ ದಶಕದಲ್ಲಿ ಇವರ ಬಂಧುಗಳ ಜೊತೆಗಿದ್ದ ಮಾನವಶಾಸ್ತ್ರಜ್ಞ ರಿಚರ್ಡ್ ಲೀ ಕ್ರಿಸ್‌ಮಸ್‌ಗೆಂದು ಕೊಬ್ಬಿದ ಎತ್ತೊಂದನ್ನು ಕೊಂಡ. ಊರೆಲ್ಲ ಬಂದು, ಇದೇನು ಎಲುಬಿನ ಗೂಡು ತಂದೆ, ಯಾರ ಹೊಟ್ಟೆಗೆ ಸಾಲುತ್ತದೆ ಎಂದು ಹೀಯಾಳಿಸಿತು. ಕೊಯ್ದರೆ ಬೆರಳುದ್ದ ಕೊಬ್ಬು. ದೊಡ್ಡ ಬೇಟೆ ತಂದವನ ತಲೆ ತಿರುಗದಿರಲೆಂದು ಅವರು ಮಾಂಸವನ್ನು ಹೀಗೆ ಜರಿಯುತ್ತಾರೆ. ಬೇಟೆಗಾರನೂ ಬಂದವನೇ ಏನೂ ಸಿಗಲಿಲ್ಲವೆಂಬಂತೆ ಮುಖ ಸಪ್ಪೆ ಮಾಡಿ ಕೂರಬೇಕು. ಆದರೆ ಇದನ್ನೂ ನಾನು ಕಣ್ಣುಮುಚ್ಚಿ ಪೂಜಿಸಲಾರೆ. ಈ ಜನರ ಜಿರಾಫೆ ಬೇಟೆಯನ್ನು ಜಗತ್ತಿಗೆ ತೋರಿಸಿದ ಜಾನ್ ಮಾರ್ಷಲ್‌ನ 1957ರ ಚಿತ್ರ 'ದಿ ಹಂಟರ್ಸ್' ಕೂಡ ಬೇರೆ ಬೇರೆ ಬೇಟೆಗಳ ತುಣುಕು ಸೇರಿಸಿ ಒಂದೇ ಬೇಟೆಯಂತೆ ಹೊಲಿದದ್ದು. ಹುಲ್ಲು ಸಮ ಮಾಡುವ ಕತ್ತರಿ ಎಲ್ಲ ಬಕ್ಕಿಗಳಲ್ಲೂ ಇರುತ್ತದೆ.

ಹೊರಡುವ ಮೊದಲು, ಏಕೋ, ನನ್ನ ಫೋನಿನಲ್ಲಿದ್ದ ಕುಡುವಿನ ಫೋಟೊ ತೆಗೆದು ಮುದುಕರ ಕೈಗೆ ಕೊಟ್ಟೆ. ಬೇಟೆಗಾರ ತನ್ನ ಫೋಟೊಗಳಲ್ಲಿ ಒಂದನ್ನು ನೆನಪಿಗೆಂದು ಕಳಿಸಿದ್ದ. ಅವರು ಫೋನನ್ನು ಬಿಸಿಲಿಗೆ ಮರೆಮಾಡಿ, ಬಹಳ ಹೊತ್ತು ನೋಡಿದರು. ಏನೋ ಅಂದರು. ಸುತ್ತ ಕೂತ ಹೆಂಗಸರು ನಕ್ಕರು.

"ಬಡಕಲು ಅಂತಾರೆ. ಬರೀ ಕೊಂಬು" ಎಂದ ಹುಡುಗ. ಈ ಸಲ ಅವನಿಗೂ ನಗು ಬಂದಿತ್ತು.

ಮುದುಕರು ಫೋನು ವಾಪಸು ಕೊಡಲಿಲ್ಲ. ಪರದೆಯ ಮೇಲೆ, ಪ್ರಾಣಿಯ ಹಿಂದೆ ಒಂದು ಮಾರು ದೂರ ಕೂತ ಕಪಾಟಿನ ಯಜಮಾನನ ಮೇಲೆ ಬೆರಳಿಟ್ಟು ಮತ್ತೇನೋ ಕೇಳಿದರು. ಹೊಡೆದವನು ಇವನೇ ಎಂದೆ. ಅವರು ತಲೆ ಅಲ್ಲಾಡಿಸಿದರು. ಹುಡುಗ ಬಿಡಿಸಿ ಹೇಳಿದ: "ಹೊಡೆದವನು ಯಾರಂತ ಅಲ್ಲ ಅವರು ಕೇಳ್ತಿರೋದು. ಬಾಣ ಯಾರದ್ದು ಅಂತ." ಇವರಲ್ಲಿ ಬಾಣಗಳು ಕೈಯಿಂದ ಕೈಗೆ ಸಾಲವಾಗಿ, ಉಡುಗೊರೆಯಾಗಿ ಓಡಾಡುತ್ತವೆ. ಬಿಟ್ಟವನು ಯಾರಾದರೂ ಆಗಲಿ, ಬಾಣ ಯಾರದ್ದೋ ಪ್ರಾಣಿ ಅವರದ್ದು, ಹಂಚುವವರೂ ಅವರೇ. ಎಷ್ಟೋ ಸಲ ಅದು ಬೇಟೆಗೇ ಹೋಗದ ಯಾವುದೋ ಅಜ್ಜಿಯ ಬಾಣವಾಗಿರುತ್ತದಂತೆ.

ನಾನು ತಡವರಿಸಿದೆ. ಭಾವಮೈದುನ ಪಕ್ಕದಿಂದ ಇಂಗ್ಲಿಷಿನಲ್ಲಿ, "ಬಾಡಿಗೆದು. ದಿನದ ಲೆಕ್ಕ, ತೋಟಾಗಳಿಗೆ ಬೇರೆ ಚಾರ್ಜು" ಎಂದ. ಹುಡುಗ ಅದನ್ನು ಅವರ ಮಾತಿಗೆ ಹೇಗೆ ತಿರುಗಿಸಿದನೋ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಎದ್ದ ನಗುವಿಗೆ ಮರದ ಮೇಲಿದ್ದ ಹಕ್ಕಿಗಳೆಲ್ಲ ಹಾರಿಹೋದವು.